ಹಿರಿಯರ ವಿರಾಮ ಹಾಗೂ ದೈಹಿಕ ಚಟುವಟಿಕೆಗಳು: ಕರ್ನಾಟಕ

ಅರವತ್ತು ವರ್ಷ ದಾಟಿದವರು ದುಡಿಮೆಯ ಕಟ್ಟಿನ ಹೊರಗೆ ತಮ್ಮ ಇಚ್ಛೆಯಿಂದ ಆರಿಸಿಕೊಳ್ಳುವ ಓದು, ಮಣೆಯಾಟ, ಹರಟೆ, ಭಜನೆ, ಹೊಲಿಗೆ, ಯಾತ್ರೆ ಮೊದಲಾದವನ್ನೂ, ದೇಹಕ್ಕೆ ಚಲನೆ ಕೊಡುವ ನಡಿಗೆ, ಯೋಗಾಸನ, ತೋಟಗೆಲಸ, ಆಟೋಟ ಮೊದಲಾದವನ್ನೂ ಒಟ್ಟಾಗಿ ಹಿರಿಯರ ವಿರಾಮ ಹಾಗೂ ದೈಹಿಕ ಚಟುವಟಿಕೆಗಳೆಂದು ಕರೆಯಲಾಗುತ್ತದೆ. ಈ ಎರಡನ್ನೂ ಬೇರೆ ಬೇರೆ ಶಾಸ್ತ್ರಗಳು ಅಧ್ಯಯನ ಮಾಡುತ್ತವೆಯಾದರೂ ಕನ್ನಡನಾಡಿನ ಹಿರಿಯರ ದಿನಚರಿಯಲ್ಲಿ ಅವು ಒಂದರೊಳಗೊಂದು ಬೆರೆತೇ ಬಂದಿವೆ. ದೇವಸ್ಥಾನಕ್ಕೆ ಹೋಗಿಬರುವುದು ಭಕ್ತಿಯೂ ಹೌದು, ನಡಿಗೆಯೂ ಹೌದು, ದಾರಿಯಲ್ಲಿ ಸಿಕ್ಕವರೊಡನೆ ಮಾತಾಡುವ ಸಂದರ್ಭವೂ ಹೌದು.

2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಅರವತ್ತು ವರ್ಷ ತುಂಬಿದ ಭಾರತೀಯರನ್ನು ಹಿರಿಯ ನಾಗರಿಕರೆಂದು ಗುರುತಿಸುತ್ತದೆ. 2011ರ ಜನಗಣತಿಯಂತೆ ದೇಶದಲ್ಲಿ ಇವರ ಸಂಖ್ಯೆ ಸುಮಾರು 10.4 ಕೋಟಿ, ಅಂದರೆ ಒಟ್ಟು ಜನಸಂಖ್ಯೆಯ ಶೇ. 8.6. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಶೇ. 9.5 ಇದ್ದು, ದೇಶದ ಸರಾಸರಿಗಿಂತ ಹೆಚ್ಚಾಗಿದೆ.

ಪರಿಭಾಷೆ

ವಿರಾಮವೆಂದರೆ ಬರಿಯ ಬಿಡುವಿನ ಹೊತ್ತಲ್ಲ. ಆ ಹೊತ್ತನ್ನು ಹೇಗೆ ಕಳೆಯಬೇಕೆಂಬ ಆಯ್ಕೆ ವ್ಯಕ್ತಿಯ ಕೈಯಲ್ಲಿದ್ದಾಗ ಮಾತ್ರ ಅದನ್ನು ವಿರಾಮವೆನ್ನಬಹುದು. ಕೆಲಸವಿಲ್ಲದೆ, ಹೋಗಲು ಎಡೆಯಿಲ್ಲದೆ, ಮಾತಾಡಲು ಜನವಿಲ್ಲದೆ ಕಳೆಯುವ ದಿನ ಈ ಅರ್ಥದಲ್ಲಿ ವಿರಾಮದ ದಿನವಲ್ಲ. ದೈಹಿಕ ಚಟುವಟಿಕೆ ಎಂದರೆ ಸ್ನಾಯುಗಳು ದುಡಿದು ದೇಹದ ಶಕ್ತಿ ವ್ಯಯವಾಗುವ ಯಾವುದೇ ಚಲನೆ. ಅದರೊಳಗೆ ಯೋಜಿತವಾಗಿ, ನಿಯತವಾಗಿ, ದೇಹಸ್ಥಿತಿಯನ್ನು ಉತ್ತಮಪಡಿಸುವ ಉದ್ದೇಶದಿಂದಲೇ ಮಾಡುವ ಭಾಗಕ್ಕೆ ವ್ಯಾಯಾಮವೆಂದು ಹೆಸರು. ಆದುದರಿಂದ ಬಾವಿಯಿಂದ ನೀರು ಸೇದುವುದು ದೈಹಿಕ ಚಟುವಟಿಕೆಯೇ ಹೊರತು ವ್ಯಾಯಾಮವಲ್ಲ, ಕೆರೆಯ ಏರಿಯ ಮೇಲೆ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯುವುದು ಎರಡೂ ಹೌದು.

ಚಟುವಟಿಕೆಯ ಬಿರುಸನ್ನು ತೀವ್ರತೆ ಎನ್ನುತ್ತಾರೆ. ಉಸಿರು ತುಸು ಏರಿ, ಮಾತನಾಡಲು ಸಾಧ್ಯವಾಗುತ್ತ, ಹಾಡಲು ಸಾಧ್ಯವಾಗದಂತಹ ಸ್ಥಿತಿಯನ್ನು ಮಧ್ಯಮ ತೀವ್ರತೆಯೆಂದೂ, ಕೆಲವು ಪದಗಳಿಗಿಂತ ಹೆಚ್ಚು ಆಡಲು ಉಸಿರು ಸಾಲದ ಸ್ಥಿತಿಯನ್ನು ಅಧಿಕ ತೀವ್ರತೆಯೆಂದೂ ಸ್ಥೂಲವಾಗಿ ಗುರುತಿಸಲಾಗುತ್ತದೆ. ವಯಸ್ಸಿನೊಂದಿಗೆ ಸ್ನಾಯುಗಳ ರಾಶಿಯೂ ಬಲವೂ ಕುಂದುವುದಕ್ಕೆ ಸಾರ್ಕೊಪೀನಿಯಾ ಅಥವಾ ಸ್ನಾಯುಕ್ಷಯವೆಂದು ಹೆಸರು. 1989ರಲ್ಲಿ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ ಈ ಪದವನ್ನು ಬಳಕೆಗೆ ತಂದರು.

ಹಿನ್ನೆಲೆ

ಸರ್ಕಾರಿ ಕಡತಗಳಿಂದ ಮನೆಮಾತಿಗೆ ಇಳಿದಿರುವ ‘ನಿವೃತ್ತಿ’ ಎಂಬ ಪದ ಮೂಲತಃ ಧರ್ಮಶಾಸ್ತ್ರದ್ದು. ಲೌಕಿಕ ವ್ಯವಹಾರದಲ್ಲಿ ತೊಡಗುವುದು ಪ್ರವೃತ್ತಿ, ಅದರಿಂದ ಹಿಂದೆ ಸರಿಯುವುದು ನಿವೃತ್ತಿ. ಆಶ್ರಮಧರ್ಮದ ವಾನಪ್ರಸ್ಥ ಕಲ್ಪನೆಯು ಮನೆಯ ಯಜಮಾನಿಕೆಯನ್ನು ಮಕ್ಕಳಿಗೆ ಒಪ್ಪಿಸಿ ಹಿಂದೆ ಸರಿಯಬೇಕೆಂದು ಹೇಳಿತಾದರೂ, ಹಳ್ಳಿಯ ಒಕ್ಕಲುಮನೆಗಳಲ್ಲಿ ಹಾಗೆ ಪೂರ್ತಿಯಾಗಿ ಸರಿದವರು ಕಡಿಮೆ. ಉಳುಮೆಯನ್ನು ಮಗನಿಗೆ ಬಿಟ್ಟುಕೊಟ್ಟ ಅಜ್ಜ ಹಗ್ಗ ಹೊಸೆಯುವುದು, ದನ ಮೇಯಿಸುವುದು, ಕಣ ಕಾಯುವುದು, ಬುಟ್ಟಿ ಹೆಣೆಯುವುದು ಮುಂತಾದ ಹಗುರ ಕೆಲಸಗಳಿಗೆ ಹೊರಳುತ್ತಿದ್ದನು. ಅಜ್ಜಿ ಕಾಳು ಹಸನು ಮಾಡುವುದು, ಬತ್ತಿ ಹೊಸೆಯುವುದು, ಮೊಮ್ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವುದರಲ್ಲಿ ತೊಡಗಿರುತ್ತಿದ್ದಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವುದು, ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವುದು, ಏಳುವುದು, ಮತ್ತೆ ಕೂರುವುದು ದಿನಕ್ಕೆ ಹತ್ತಾರು ಬಾರಿ ನಡೆಯುತ್ತಿದ್ದುದರಿಂದ ತೊಡೆ ಮತ್ತು ಸೊಂಟದ ಸ್ನಾಯುಗಳಿಗೆ ಬೇರೆ ವ್ಯಾಯಾಮದ ಅಗತ್ಯ ತೋರುತ್ತಿರಲಿಲ್ಲ.

ನಿಗದಿತ ವಯಸ್ಸಿಗೆ ನೌಕರಿ ಮುಗಿದು ಪಿಂಚಣಿ ಶುರುವಾಗುವ ಪದ್ಧತಿ ವಸಾಹತು ಆಡಳಿತದೊಂದಿಗೆ ಬಂದದ್ದು. ಮೈಸೂರು, ಬೆಂಗಳೂರು, ಧಾರವಾಡದಂತಹ ಊರುಗಳಲ್ಲಿ ನಿವೃತ್ತ ನೌಕರರ ಒಂದು ವರ್ಗವೇ ಬೆಳೆದು, ಕೋಲು ಹಿಡಿದು ಸಂಜೆ ತಿರುಗಾಡುವುದು, ಕ್ಲಬ್ಬಿನಲ್ಲಿ ಇಸ್ಪೀಟು ಆಡುವುದು, ವಾಚನಾಲಯದಲ್ಲಿ ಪತ್ರಿಕೆ ಓದುವುದು ಆ ವರ್ಗದ ಗುರುತುಗಳಾದವು. ಇಂದು ‘ಹಿರಿಯರ ಹವ್ಯಾಸ’ ಎಂದೊಡನೆ ಕಣ್ಣಿಗೆ ಕಟ್ಟುವ ಚಿತ್ರ ಬಹುಮಟ್ಟಿಗೆ ಈ ನಗರವಾಸಿ, ಪಿಂಚಣಿದಾರ ಪುರುಷನದು. ಆ ಚಿತ್ರವನ್ನೇ ಇಡೀ ನಾಡಿನ ಹಿರಿಯರಿಗೆ ಹೊಂದಿಸಿದರೆ ಕೂಲಿ ಮಾಡುವವರೂ ಸಣ್ಣ ಹಿಡುವಳಿದಾರರೂ ಬಹುತೇಕ ಎಲ್ಲ ಹೆಂಗಸರೂ ಅದರ ಹೊರಗೇ ಉಳಿಯುತ್ತಾರೆ.

ವೃದ್ಧಾಪ್ಯವನ್ನು ಅರಿಯಲು ಸಮಾಜವಿಜ್ಞಾನಿಗಳು ರೂಪಿಸಿದ ಸಿದ್ಧಾಂತಗಳಲ್ಲಿ ಮೂರು ಮುಖ್ಯವಾದವು. ವಯಸ್ಸಾದಂತೆ ವ್ಯಕ್ತಿ ಮತ್ತು ಸಮಾಜ ಪರಸ್ಪರ ಹಿಂದೆ ಸರಿಯುವುದು ಸಹಜವೆಂದು 1961ರಲ್ಲಿ ಎಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ ಪ್ರತಿಪಾದಿಸಿದರು, ಇದು ವಿಮುಖತಾ ಸಿದ್ಧಾಂತ. ತೊಡಗಿಕೊಂಡಷ್ಟೂ ಮುಪ್ಪಿನ ಬಾಳು ತೃಪ್ತಿಕರವೆಂದ ರಾಬರ್ಟ್ ಹ್ಯಾವಿಗ್‌ಹರ್ಸ್ಟ್ ಅವರದು ಚಟುವಟಿಕೆಯ ಸಿದ್ಧಾಂತ. ನಡುವಯಸ್ಸಿನ ಅಭಿರುಚಿಗಳನ್ನೇ ಜನ ಮುಪ್ಪಿನಲ್ಲೂ ರೂಪ ಬದಲಿಸಿ ಮುಂದುವರಿಸುತ್ತಾರೆಂಬುದು ರಾಬರ್ಟ್ ಆಚ್ಲಿ ವಿವರಿಸಿದ ನಿರಂತರತೆಯ ಸಿದ್ಧಾಂತ. ಕರ್ನಾಟಕದ ಹಿರಿಯರ ಹವ್ಯಾಸಗಳಿಗೆ ಹೆಚ್ಚು ಹೊಂದುವುದು ಮೂರನೆಯದು. ವೇಷ ಕಟ್ಟಿ ಕುಣಿಯುತ್ತಿದ್ದ ಯಕ್ಷಗಾನ ಕಲಾವಿದರಲ್ಲಿ ಕೆಲವರು ಕಾಲು ಸೋತ ಮೇಲೆ ತಾಳಮದ್ದಳೆಯ ಅರ್ಥಧಾರಿಗಳಾಗಿ ಮುಂದುವರಿಯುವುದು ಇದಕ್ಕೆ ಸ್ಪಷ್ಟ ನಿದರ್ಶನ. ವೇಷಭೂಷಣವಾಗಲಿ ಕುಣಿತವಾಗಲಿ ಇಲ್ಲದೆ ಕುಳಿತು ಮಾತಿನಿಂದಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ವಯಸ್ಸಿನೊಂದಿಗೆ ಬಂದ ಪುರಾಣಜ್ಞಾನ ಬಲವೇ ಆಗುತ್ತದೆ.

ನಡಿಗೆ

ಹಿರಿಯರಲ್ಲಿ ಬಹಳ ವ್ಯಾಪಕವಾಗಿರುವ ದೈಹಿಕ ಚಟುವಟಿಕೆ ನಡಿಗೆ. ಗ್ರಾಂಥಿಕವಾಗಿ ವಾಯುವಿಹಾರವೆನಿಸುವ ಇದು ಆಡುಮಾತಿನಲ್ಲಿ ವಾಕಿಂಗು. ಉತ್ತರ ಕರ್ನಾಟಕದಲ್ಲಿ ಇದನ್ನು ‘ಅಡ್ಡಾಡಿ ಬರುವುದು’ ಎನ್ನುತ್ತಾರೆ. ಸಲಕರಣೆ, ತರಬೇತಿ, ಹಣ ಯಾವುದೂ ಬೇಡದ, ಬಿರುಸನ್ನು ತಮ್ಮ ಶಕ್ತಿಗೆ ತಕ್ಕಂತೆ ಇಳಿಸಿ ಏರಿಸಬಹುದಾದ ಚಟುವಟಿಕೆ ಇದಾದುದೇ ಈ ವ್ಯಾಪಕತೆಗೆ ಕಾರಣ.

ನಡಿಗೆಯ ತಾಣಗಳೆನಿಸಿರುವ ಉದ್ಯಾನಗಳೂ ಕೆರೆಗಳೂ ಬೇರೆ ಬೇರೆ ಉದ್ದೇಶಗಳಿಗಾಗಿ ಹುಟ್ಟಿದಂಥವು. ಹೈದರಾಲಿ 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ ರಾಜವನವಾಗಿತ್ತು, 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕು ದಂಡುಪ್ರದೇಶದ ಅಂಚಿನ ಉಪವನವಾಗಿತ್ತು, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ನೀರಿನ ಆಸರೆಗಾಗಿತ್ತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಕ್ಕರಹಳ್ಳಿ ಕೆರೆಯ ಏರಿ ಇಂದು ಊರಿನ ಹಿರಿಯರ ಮುಂಜಾನೆಯ ದಾರಿಯಾಗಿದ್ದರೆ, ಮೊಣಕಾಲು ಗಟ್ಟಿಯಿರುವವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಏರುತ್ತಾರೆ. ಈ ತಾಣಗಳಲ್ಲಿ ದಿನವೂ ಒಂದೇ ಹೊತ್ತಿಗೆ ಸೇರುವವರು ಕ್ರಮೇಣ ಗೆಳೆಯರ ಬಳಗವಾಗುವುದೂ, ಬಳಗ ನಡಿಗೆದಾರರ ಸಂಘವಾಗಿ ಮಾರ್ಪಟ್ಟು ಉದ್ಯಾನದ ನಿರ್ವಹಣೆಯ ಬಗ್ಗೆ ದನಿಯೆತ್ತುವುದೂ ಉಂಟು. ನಡಿಗೆಯಷ್ಟೇ ಮಹತ್ವ ಅದರ ಕೊನೆಗೆ ಕಲ್ಲುಬೆಂಚಿನ ಮೇಲೆ ಕೂತು ಆಡುವ ಮಾತಿಗೂ, ಹತ್ತಿರದ ದರ್ಶಿನಿಯಲ್ಲಿ ಕುಡಿಯುವ ಕಾಫಿಗೂ ಇದೆ. ಬಳಗದಲ್ಲಿ ಒಬ್ಬರು ಎರಡು ದಿನ ಕಾಣದಿದ್ದರೆ ಉಳಿದವರು ವಿಚಾರಿಸಿಕೊಳ್ಳುವ ವಾಡಿಕೆ ಒಂಟಿಯಾಗಿ ಬದುಕುವ ಹಿರಿಯರಿಗೆ ನಿಜವಾದ ಆಸರೆಯಾಗಿದೆ.

ದಿನಕ್ಕೆ 10,000 ಹೆಜ್ಜೆ ನಡೆಯಬೇಕೆಂಬ ಪ್ರಸಿದ್ಧ ಮಾತಿನ ಮೂಲ ವೈದ್ಯಕೀಯ ಸಂಶೋಧನೆಯಲ್ಲಿಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿಗೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥವಿದ್ದು, ಆ ಸಂಖ್ಯೆ ಅಲ್ಲಿಂದ ಲೋಕರೂಢಿಗೆ ಬಂದಿತು. ಹದಿನೈದು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಅರವತ್ತು ದಾಟಿದವರಲ್ಲಿ ಸಾವಿನ ಅಪಾಯ ಹೆಜ್ಜೆಗಳು ಹೆಚ್ಚಿದಂತೆ ಇಳಿಯುತ್ತ ದಿನಕ್ಕೆ 6,000ದಿಂದ 8,000 ಹೆಜ್ಜೆಗಳ ಹೊತ್ತಿಗೆ ಸಮಸ್ಥಿತಿಗೆ ಬರುತ್ತದೆ.

ಯೋಗ, ನಗೆಕೂಟ, ಆಟೋಟ

ಯೋಗಾಸನವನ್ನು ಮುಪ್ಪಿನ ದೇಹಕ್ಕೆ ಹೊಂದಿಸಿದ ಇತಿಹಾಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ತಿರುಮಲೆ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. ಅವರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಪಟ್ಟಿ, ಮರದ ದಿಮ್ಮಿ, ಗೋಡೆಗೆ ಕಟ್ಟಿದ ಹಗ್ಗ, ದಿಂಬುಗಳನ್ನು ಆಸರೆಯಾಗಿ ಬಳಸುವ ಪದ್ಧತಿಯನ್ನು ಬೆಳೆಸಿದರು. ಬಾಗಲಾರದ, ನೆಲದಲ್ಲಿ ಕೂರಲಾರದ ದೇಹವೂ ಆಸನದ ಪ್ರಯೋಜನ ಪಡೆಯಬಹುದೆಂಬುದು ಈ ಪದ್ಧತಿಯ ತಿರುಳು. ಇಂದು ಹಿರಿಯರ ತರಗತಿಗಳಲ್ಲಿ ರೂಢಿಯಲ್ಲಿರುವ ಕುರ್ಚಿಯೋಗ ಇಂಥ ಆಸರೆಗಳನ್ನೇ ಅವಲಂಬಿಸಿದೆ. ವಿಶ್ವಸಂಸ್ಥೆ 2014ರ ಡಿಸೆಂಬರ್‌ನಲ್ಲಿ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿದ ಮೇಲೆ ಬಡಾವಣೆಯ ಉದ್ಯಾನಗಳಲ್ಲಿ ಸಾಮೂಹಿಕ ಯೋಗಾಭ್ಯಾಸಕ್ಕೆ ಇನ್ನಷ್ಟು ಪ್ರಚಾರ ದೊರೆಯಿತು.

ನಗೆಕೂಟ ಇತ್ತೀಚಿನದು. 1995ರಲ್ಲಿ ಮುಂಬಯಿಯ ವೈದ್ಯ ಮದನ್ ಕಟಾರಿಯಾ ಉದ್ಯಾನವೊಂದರಲ್ಲಿ ಬೆರಳೆಣಿಕೆಯ ಜನರೊಂದಿಗೆ ಆರಂಭಿಸಿದ ಈ ಅಭ್ಯಾಸ ಬೆಂಗಳೂರು, ಮೈಸೂರುಗಳ ಪಾರ್ಕುಗಳಿಗೂ ಹಬ್ಬಿತು. ಸ್ಪರ್ಧಾತ್ಮಕ ಆಟೋಟದಲ್ಲಿ ತೊಡಗುವ ಹಿರಿಯರ ಸಂಖ್ಯೆ ಚಿಕ್ಕದು. ಮೂವತ್ತೈದು ದಾಟಿದವರಿಗೆ ಐದೈದು ವರ್ಷಗಳ ವಯೋವರ್ಗಗಳಲ್ಲಿ ಮಾಸ್ಟರ್ಸ್ ಕ್ರೀಡಾಕೂಟಗಳು ನಡೆಯುತ್ತವೆ. 2008ರಲ್ಲಿ ಆರಂಭವಾದ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದ ಜೊತೆಗೆ ಹಿರಿಯ ನಾಗರಿಕರಿಗಾಗಿ ಪ್ರತ್ಯೇಕ ಓಟವೂ ನಡೆಯುತ್ತ ಬಂದಿದೆ.

ಮಣೆಯಾಟಗಳು

ಮಣೆ ಅಥವಾ ಮನೆಗಳ ಮೇಲೆ ಕಾಯಿ ನಡೆಸುವ ಆಟಗಳು ಹಿರಿಯರ ಒಳಾಂಗಣ ವಿರಾಮದಲ್ಲಿ ಬಹು ಹಳೆಯವು. ಹಳೆಯ ದೇವಾಲಯಗಳ ನೆಲದ ಚಪ್ಪಡಿಗಳ ಮೇಲೂ ಮಂಟಪದ ಕಟ್ಟೆಗಳ ಮೇಲೂ ಕೊರೆದಿರುವ ಹುಲಿಕುರಿ ಮತ್ತು ಸಾಲುಮನೆಯ ಗೆರೆಗಳು, ಪೂಜೆಗೂ ಸಂತೆಗೂ ಬಂದವರು ನೆರಳಲ್ಲಿ ಕೂತು ಆಡುತ್ತಿದ್ದುದಕ್ಕೆ ಸಾಕ್ಷಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂತಹ ಆಟಗಳಲ್ಲಿ ಅಸಾಧಾರಣ ಆಸಕ್ತಿ ತಳೆದು ಹೊಸ ಆಟಗಳನ್ನೂ ರಚಿಸಿದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೆ ಮೀಸಲಾಗಿದೆ.

ಚೌಕಾಬಾರ ಇವುಗಳಲ್ಲಿ ಹೆಚ್ಚು ಜನಪ್ರಿಯವಾದುದು. ಐದಕ್ಕೆ ಐದರಂತೆ ಇಪ್ಪತ್ತೈದು ಮನೆಗಳ ಚೌಕವನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು, ಇಬ್ಬರಿಂದ ನಾಲ್ವರು ನಾಲ್ಕು ನಾಲ್ಕು ಕಾಯಿಗಳೊಂದಿಗೆ ಆಡುತ್ತಾರೆ. ನಾಲ್ಕು ಕವಡೆಗಳನ್ನು ಎಸೆದಾಗ ಎಲ್ಲವೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ಎಲ್ಲವೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕವಡೆಯಿಲ್ಲದ ಮನೆಗಳಲ್ಲಿ ಒಂದು ಬದಿ ತೇಯ್ದ ಹುಣಸೆಬೀಜವೇ ಕವಡೆಯಾಗುತ್ತದೆ. ಗೆರೆ ಹಾಕಿ ಗುರುತಿಸಿದ ಕಟ್ಟೆಯ ಮನೆಯಲ್ಲಿರುವ ಕಾಯಿಯನ್ನು ಕಡಿಯುವಂತಿಲ್ಲವಾದ್ದರಿಂದ, ಯಾವ ಕಾಯಿಯನ್ನು ಎಲ್ಲಿಗೆ ನಡೆಸಬೇಕೆಂಬ ಲೆಕ್ಕಾಚಾರ ಅದೃಷ್ಟದೊಂದಿಗೆ ಸೇರಿಕೊಳ್ಳುತ್ತದೆ. ಅಜ್ಜಿ ಮತ್ತು ಮೊಮ್ಮಕ್ಕಳು ಸರಿಸಮರಾಗಿ ಎದುರುಬದುರು ಕೂರಬಹುದಾದ ಆಟಗಳಲ್ಲಿ ಇದು ಶ್ರೇಷ್ಠವಾದುದು.

ಅಳಗುಳಿಮಣೆ ಎರಡು ಸಾಲುಗಳಲ್ಲಿ ಏಳೇಳು ಗುಳಿಗಳಿರುವ ಮರದ ಮಣೆ. ಗುಳಿಯೊಂದರ ಕಾಳುಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗುವುದು ಇದರ ಕ್ರಮ. ತುಳುನಾಡಿನಲ್ಲಿ ಇದೇ ಚೆನ್ನೆಮಣೆ. ಎಡೆಬಿಡದ ಮಳೆಯಿಂದ ಹೊರಗೆಲಸ ನಿಲ್ಲುತ್ತಿದ್ದ ಆಟಿ ತಿಂಗಳು ಈ ಆಟದ ಕಾಲ. ಕಾಳು ಎಣಿಸುವುದು, ಹಿಂದಿನ ನಡೆ ನೆನಪಿಡುವುದು, ಬೆರಳ ತುದಿಯಿಂದ ಹಂಚುವುದು ಮೂರೂ ಒಟ್ಟಿಗೆ ನಡೆಯುವುದರಿಂದ ಮನಸ್ಸಿಗೂ ಕೈಗೂ ಏಕಕಾಲದಲ್ಲಿ ಅಭ್ಯಾಸ ದೊರೆಯುತ್ತದೆ. ಪಗಡೆ, ಪರಮಪದ ಸೋಪಾನ, ಚದುರಂಗ, ಇಪ್ಪತ್ತೆಂಟು ಮತ್ತು ರಮ್ಮಿ ಎಂಬ ಇಸ್ಪೀಟಾಟಗಳು, ಕೇರಂ ಮುಂತಾದವೂ ಹಿರಿಯರಲ್ಲಿ ಬಳಕೆಯಲ್ಲಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಕ್ರೀಡಾಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಸಾಂಪ್ರದಾಯಿಕ ಮಣೆಯಾಟಗಳನ್ನು ಮತ್ತೆ ಪರಿಚಯಿಸಿದೆ.

ಓದು, ಕಾವ್ಯಶ್ರವಣ, ಕಟ್ಟೆ

ಅಕ್ಷರ ಬಲ್ಲವರ ನಿತ್ಯಹವ್ಯಾಸ ದಿನಪತ್ರಿಕೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ರಾಜ್ಯದಾದ್ಯಂತ ಬೆಳೆದ ಗ್ರಂಥಾಲಯ ಜಾಲದಲ್ಲಿ ಪತ್ರಿಕಾ ವಿಭಾಗದ ನಿಷ್ಠಾವಂತ ಓದುಗರು ಹಿರಿಯರೇ. ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಗ್ರಂಥಾಲಯ ಮತ್ತು ಉಪನ್ಯಾಸಗಳ ಮೂಲಕ ನಿವೃತ್ತರ ಬೌದ್ಧಿಕ ವಿರಾಮಕ್ಕೆ ಬಹುಕಾಲ ನೆಲೆಯಾಗಿದೆ.

ಓದು ಬಾರದವರಿಗೂ ಕಾವ್ಯ ದೊರೆಯುತ್ತಿದ್ದುದು ಗಮಕದಿಂದ. ಗಮಕಿ ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ವಾಚಿಸುತ್ತ, ವ್ಯಾಖ್ಯಾನಕಾರರು ಅರ್ಥ ಹೇಳುತ್ತ ಹೋಗುವ ಈ ಕಲೆಯಲ್ಲಿ ಕೇಳುಗರು ಒಂದೇ ಕಾವ್ಯವನ್ನು ವಾರಗಟ್ಟಲೆ ಕೂತು ಆಲಿಸುತ್ತಾರೆ. ಭಜನಾ ಮಂಡಳಿ, ವಚನಗಾಯನ, ತತ್ತ್ವಪದ, ಹರಿಕಥೆಗಳೂ ಇದೇ ಬಗೆಯ ಸಾಮೂಹಿಕ ವಿರಾಮಗಳು. ಊರಿನ ಅರಳಿಕಟ್ಟೆ, ಮನೆಯ ಜಗುಲಿ, ಗುಡಿಯ ಪೌಳಿ ಇವುಗಳಿಗೆ ಸ್ಥಳವೊದಗಿಸಿದವು. ಕಟ್ಟೆಯ ಹರಟೆಯನ್ನು ಕಾಲಹರಣವೆಂದು ಕಾಣುವುದು ರೂಢಿಯಾದರೂ, ಬೇಸಾಯದ ಅನುಭವ, ವಂಶಾವಳಿ, ಗಡಿಗುರುತು, ಹಳೆಯ ವ್ಯಾಜ್ಯಗಳ ನೆನಪು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದ್ದು ಬಹುಪಾಲು ಅಲ್ಲಿಯೇ.

ಹಿರಿಯ ಮಹಿಳೆಯರು

ಹಿರಿಯ ಹೆಂಗಸರಲ್ಲಿ ಕೆಲಸ ಮತ್ತು ವಿರಾಮದ ನಡುವಣ ಗೆರೆ ತೆಳುವಾದುದು. ನೌಕರಿಗೆ ನಿವೃತ್ತಿಯುಂಟು, ಅಡುಗೆಮನೆಗಿಲ್ಲ. ಮೊಮ್ಮಕ್ಕಳ ಪಾಲನೆ ಸೇರಿಕೊಂಡರೆ ಅರವತ್ತರ ಮೇಲೆ ದುಡಿಮೆ ಹೆಚ್ಚುವುದೂ ಉಂಟು. ಹೀಗಾಗಿ ಅವರ ವಿರಾಮ ಕೆಲಸದ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೆರೆಹೊರೆಯವರು ಕೂಡಿ ಹಪ್ಪಳ ಒತ್ತುವುದು, ಸಂಡಿಗೆ ಇಡುವುದು, ಹೂ ಕಟ್ಟುವುದು, ಹೂಬತ್ತಿ ಮತ್ತು ಗೆಜ್ಜೆವಸ್ತ್ರ ಮಾಡುವುದು ಇಂಥವು. ಉತ್ತರ ಕರ್ನಾಟಕದ ಕೌದಿ, ಅಂದರೆ ಹಳೆಯ ಸೀರೆ ಧೋತರಗಳ ತುಣುಕುಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದ ಹೊಲಿಯುವ ಹೊದಿಕೆ, ಈ ಬಗೆಯ ವಿರಾಮದ ಶ್ರೇಷ್ಠ ಫಲ. ಸೋಬಾನೆಯ ಪದ, ಬೀಸುವ ಪದಗಳ ವಿಶಾಲ ಸಂಪತ್ತು ಮುಖ್ಯವಾಗಿ ಹಿರಿಯ ಹೆಂಗಸರ ನೆನಪಿನಲ್ಲೇ ಉಳಿದುಬಂದು ಜಾನಪದ ಸಂಗ್ರಾಹಕರಿಗೆ ದೊರೆಯಿತು. ಮುಂಜಾನೆ ಅಂಗಳ ಸಾರಿಸಿ ಬಗ್ಗಿ ರಂಗೋಲಿ ಇಡುವುದರಲ್ಲಿ ಕಲೆಯೂ ದೇಹದ ಚಲನೆಯೂ ಸೇರಿವೆ. ಸಮೀಕ್ಷೆಗಳ ಪ್ರಶ್ನೆಗಳು ಇವನ್ನು ಹವ್ಯಾಸವೆಂದಾಗಲಿ ವ್ಯಾಯಾಮವೆಂದಾಗಲಿ ಎಣಿಸದಿದ್ದರೆ ಹಿರಿಯ ಮಹಿಳೆಯರಿಗೆ ವಿರಾಮವೇ ಇಲ್ಲವೆಂಬ ತಪ್ಪು ತೀರ್ಮಾನ ಬರುತ್ತದೆ.

2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸಿದ್ದರಿಂದ, ಖರ್ಚಿಗೆ ಮನೆಯವರನ್ನು ಕೇಳದೆ ಕ್ಷೇತ್ರದರ್ಶನಕ್ಕೂ ತವರಿಗೂ ಹೋಗಿಬರುವುದು ಹಿರಿಯ ಹೆಂಗಸರಿಗೆ ಸಾಧ್ಯವಾಯಿತು.

ಆರೋಗ್ಯ ಮತ್ತು ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಅರವತ್ತೈದು ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ, ಇಲ್ಲವೆ 75ರಿಂದ 150 ನಿಮಿಷ ಅಧಿಕ ತೀವ್ರತೆಯ ಚಟುವಟಿಕೆ ನಡೆಸಬೇಕು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮವೂ, ಮೂರು ದಿನವಾದರೂ ಸಮತೋಲ ಮತ್ತು ಬಲವನ್ನು ಕೂಡಿಸಿದ ಅಭ್ಯಾಸವೂ ಇರಬೇಕು. ಕರ್ನಾಟಕದ ಹಿರಿಯರು ನಡಿಗೆಗೆ ಕೊಡುವ ಮಹತ್ವವನ್ನು ಉಳಿದೆರಡಕ್ಕೆ ಕೊಡುವುದಿಲ್ಲ. ಬರಿಯ ನಡಿಗೆ ಹೃದಯಕ್ಕೂ ಸಕ್ಕರೆ ಕಾಯಿಲೆಯ ಹತೋಟಿಗೂ ನೆರವಾಗುತ್ತದಾದರೂ ಸ್ನಾಯುಕ್ಷಯವನ್ನು ತಡೆಯಲು ಸಾಲದು. ಅರವತ್ತೈದು ದಾಟಿದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಜನ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ಅಂದಾಜಿದ್ದು, ಸೊಂಟದ ಮೂಳೆ ಮುರಿತದಿಂದ ಅನೇಕರು ಹಾಸಿಗೆ ಹಿಡಿಯುತ್ತಾರೆ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಯ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಲ್ಲುವುದು, ನೀರು ತುಂಬಿದ ಬಾಟಲಿಯನ್ನು ಎತ್ತಿಳಿಸುವುದು ಇಂಥ ಸರಳ ಅಭ್ಯಾಸಗಳನ್ನು ಬೀಳುವುದನ್ನು ತಡೆಯಲು ಸೂಚಿಸಲಾಗುತ್ತದೆ. ಹೃದ್ರೋಗ, ತಲೆಸುತ್ತು, ತೀವ್ರ ಸಂಧಿವಾತ ಇರುವವರು ವೈದ್ಯರ ಸಲಹೆಯಂತೆ ಇವನ್ನು ಆರಂಭಿಸಬೇಕು.

ಮಾನಸಿಕ ಆರೋಗ್ಯದ ಕುರಿತ ಪ್ರಸಿದ್ಧ ಅಧ್ಯಯನವೊಂದು 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಜೋ ವರ್ಗೀಸ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ಎಪ್ಪತ್ತೈದು ದಾಟಿದ 469 ಜನರನ್ನು ವರ್ಷಗಳ ಕಾಲ ಗಮನಿಸಿದಾಗ, ಓದು, ಮಣೆಯಾಟ, ವಾದ್ಯ ನುಡಿಸುವುದು ಮತ್ತು ನೃತ್ಯ ಈ ನಾಲ್ಕು ಹವ್ಯಾಸಗಳಿದ್ದವರಲ್ಲಿ ಮರೆಗುಳಿತನದ ಅಪಾಯ ಕಡಿಮೆ ಕಂಡುಬಂದಿತು. ಇದು ಸಂಬಂಧವನ್ನು ತೋರಿಸುವ ಅವಲೋಕನವೇ ಹೊರತು ಹವ್ಯಾಸವೇ ರೋಗವನ್ನು ತಡೆಯಿತೆಂಬುದಕ್ಕೆ ಪುರಾವೆಯಲ್ಲ.

ಅಡ್ಡಿಗಳು

ಹಿರಿಯರು ಹೊರಗೆ ಬರದಿರುವುದಕ್ಕೆ ಸೋಮಾರಿತನವಾಗಲಿ ನಿರಾಸಕ್ತಿಯಾಗಲಿ ಮುಖ್ಯ ಕಾರಣವಲ್ಲ. ಮೊಣಕಾಲು ನೋವು, ಮಂಜಾದ ದೃಷ್ಟಿ, ಮೂತ್ರ ತಡೆಯಲಾಗದ ತೊಂದರೆ ದೇಹದ ಕಡೆಯ ಅಡ್ಡಿಗಳು. ಎದ್ದ ಚಪ್ಪಡಿಗಳ ಪಾದಚಾರಿ ಮಾರ್ಗ, ಅದರ ಮೇಲೆ ನಿಲ್ಲಿಸಿದ ವಾಹನ, ಬೀದಿನಾಯಿ, ಬೀದಿದೀಪವಿಲ್ಲದ ಮುಂಜಾವು, ಶೌಚಾಲಯವಿಲ್ಲದ ಉದ್ಯಾನ ಊರಿನ ಕಡೆಯವು. ಶೌಚಾಲಯದ ಕೊರತೆ ಹೆಂಗಸರನ್ನೂ ಮಧುಮೇಹಿಗಳನ್ನೂ ಹೆಚ್ಚು ಬಾಧಿಸುತ್ತದೆ. ಪಿಂಚಣಿಯಿಲ್ಲದ ಕೃಷಿಕೂಲಿಗಳಿಗೂ ಬೀದಿವ್ಯಾಪಾರಿಗಳಿಗೂ ಮೈಯಲ್ಲಿ ಕಸುವಿರುವತನಕ ದುಡಿಮೆ ತಪ್ಪದು. ಅವರಿಗೆ ಕೊರತೆಯಿರುವುದು ಚಲನೆಯದಲ್ಲ, ವಿಶ್ರಾಂತಿಯದು.

ಇಂದಿನ ಸ್ಥಿತಿ

ರಾಷ್ಟ್ರೀಯ ಹಿರಿಯರ ನೀತಿ 1999ರಲ್ಲಿ ರೂಪುಗೊಂಡಿತು. ದೇಶದಾದ್ಯಂತ ನಲವತ್ತೈದು ದಾಟಿದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಲಾಸಿ ಎಂಬ ಸಮೀಕ್ಷೆಯ ಮೊದಲ ಸುತ್ತು 2017–18ರಲ್ಲಿ ನಡೆದು, ಹಿರಿಯರ ಆರೋಗ್ಯ ಮತ್ತು ದಿನಚರಿಯ ಬಗ್ಗೆ ವ್ಯವಸ್ಥಿತ ಮಾಹಿತಿ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ದೊರೆಯಿತು. ನಗರಗಳ ಉದ್ಯಾನಗಳಲ್ಲಿ ತೆರೆದ ಬಯಲಿನ ವ್ಯಾಯಾಮ ಸಲಕರಣೆಗಳು ಬಂದಿವೆ. ಆದರೆ ಅವುಗಳ ಪಕ್ಕದಲ್ಲಿ ಬಳಕೆಯ ಕ್ರಮ ತಿಳಿಸುವ ಕನ್ನಡ ಫಲಕವೂ ಹಿಡಿದು ನಿಲ್ಲಲು ಕಂಬಿಯೂ ಎಲ್ಲೆಡೆ ಇಲ್ಲ. ದೂರದರ್ಶನದ ಧಾರಾವಾಹಿಗಳೂ ಮೊಬೈಲೂ ಬಿಡುವಿನ ದೊಡ್ಡ ಪಾಲನ್ನು ಪಡೆದಿದ್ದು, ಕುಳಿತೇ ಕಳೆಯುವ ಹೊತ್ತು ಹೆಚ್ಚಿದೆ. ಹೊರದೇಶದಲ್ಲಿರುವ ಮಕ್ಕಳೊಂದಿಗೆ ಮಾತು, ಭಜನೆಯ ಮತ್ತು ಗಮಕದ ಅಂತರಜಾಲ ತರಗತಿಗಳು ಅದೇ ಮೊಬೈಲಿನಿಂದ ದಕ್ಕಿದ ಲಾಭಗಳು.

ಪ್ರವಾಸದ ವಿಷಯದಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಅರವತ್ತು ದಾಟಿದವರಿಗೆ ಟಿಕೆಟ್ ದರದಲ್ಲಿ ಶೇ. 25ರ ರಿಯಾಯಿತಿ ನೀಡುತ್ತದೆ. ರೈಲುಗಳಲ್ಲಿ ಹಿರಿಯ ಪುರುಷರಿಗೆ ಶೇ. 40, ಮಹಿಳೆಯರಿಗೆ ಶೇ. 50ರಷ್ಟಿದ್ದ ರಿಯಾಯಿತಿಯನ್ನು ಕೋವಿಡ್ ಕಾರಣದಿಂದ 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ವಿಶ್ವಸಂಸ್ಥೆಯು ಅಕ್ಟೋಬರ್ 1ನ್ನು ಅಂತರರಾಷ್ಟ್ರೀಯ ಹಿರಿಯರ ದಿನವೆಂದು 1990ರಲ್ಲಿ ಗೊತ್ತುಪಡಿಸಿದ್ದು, 2021ರಿಂದ 2030ರವರೆಗಿನ ಅವಧಿಯನ್ನು ಆರೋಗ್ಯಕರ ವೃದ್ಧಾಪ್ಯದ ದಶಕವೆಂದು ಘೋಷಿಸಿದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.